ಅವನು ಖಾಲಿ ಬಿಟ್ಟ ಮಾತು

“ನನ್ನ ಸಿನಿಮಾಕ್ಕೆ ಕೈ ಹಾಕೋಕೆ ನಿಮಗೆ ಯಾರ್ರೀ ಹೇಳಿದ್ದು?”

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ರೆಜಿನ್ ಕೈಯಲ್ಲಿದ್ದ ಕಾಫಿ ಅರ್ಧ ಮೇಜಿನ ಮೇಲೆ ಚೆಲ್ಲಿತು. ಡಬ್ಬಿಂಗ್ ನಿರ್ದೇಶಕಿ ರೆಜಿನ್‌ಗೆ ಅರವತ್ತು ದಾಟಿದೆ, ಎಂಥೆಂಥ ನಟರ ಕೂಗಾಟ ಕೇಳಿದವಳು. ಆದರೂ ಬೆಚ್ಚಿದಳು.

ಬಾಗಿಲಲ್ಲಿ ನಿಂತಿದ್ದವಳು ಸೋಲೆನ್. ಪ್ಯಾರಿಸ್ಸಿನಿಂದ ಸ್ಟುಡಿಯೋ ಇರುವ ಸೇಂ ದೆನಿವರೆಗೂ ಕಿಕ್ಕಿರಿದ ಮೆಟ್ರೋದಲ್ಲಿ ನಿಂತೇ ಬಂದಿದ್ದಳು. ಕೂದಲು ಕೆದರಿತ್ತು, ಕುತ್ತಿಗೆಯ ಶಾಲು ಒಂದು ಕಡೆ ಜಾರಿತ್ತು, ಕಣ್ಣು ಮಾತ್ರ ಕೆಂಡವಾಗಿತ್ತು.

ರೆಜಿನ್ ಎದುರಿನ ಕುರ್ಚಿಯಿಂದ ಒಬ್ಬ ಎತ್ತರದ ಗಂಡಸು ಎದ್ದ. ಕಂದು ಸ್ವೆಟರ್, ಮೂಗಿನ ಮೇಲೆ ಕನ್ನಡಕ, ಮುಖದಲ್ಲಿ ಎಂಥದೋ ಸಂಕೋಚ.

“ನಮಸ್ಕಾರ. ನಾನು ತಿಬೋ...” ಎನ್ನುತ್ತಾ ಕೈ ಚಾಚಿದ.

ಸೋಲೆನ್ ಆ ಕೈಯನ್ನು ನೋಡಿದಳು. ಮುಟ್ಟಲಿಲ್ಲ.

“ನಿಮ್ಮ ಹೆಸರು ನಾನು ಕೇಳಲಿಲ್ಲ. ಅರ್ಧ ಸಿನಿಮಾ ಯಾಕೆ ತಗೊಂಡ್ರಿ ಅಂತ ಕೇಳಿದೆ!”

ಈ ಕಸುಬಿನಲ್ಲಿ ಮೊದಲ ಕಾಫಿ ಮುಗಿಯುವುದರೊಳಗೆ ಎಲ್ಲರೂ ಎಲ್ಲರನ್ನೂ ‘ನೀನು’ ಎಂದುಬಿಡುತ್ತಾರೆ. ಸೋಲೆನ್ ‘ನೀವು’ ಎಂದಳೆಂದರೆ ಅದು ಮರ್ಯಾದೆಯಲ್ಲ, ಕಪಾಳಕ್ಕೆ ಕೊಟ್ಟ ಹಾಗೆ! ಅದು ತಿಬೋಗೂ ಗೊತ್ತಾಯಿತು. ಚಾಚಿದ ಕೈಯನ್ನು ಮೆಲ್ಲಗೆ ಜೇಬಿಗಿಳಿಸಿಕೊಂಡ.

“ಕೂತ್ಕೊಳ್ಳೇ ಮೊದಲು,” ಅಂದಳು ರೆಜಿನ್. “ಬಿಡುಗಡೆ ಬೇಗ ಆಗ್ಬೇಕಂತೆ. ನೀನು ನೋಡಿದ್ರೆ ಒಂದು ಮಾತಿಗೆ ವಾರಗಟ್ಟಲೆ ಕೂತಿದ್ದೀಯ. ವಿತರಕರು ಕಾಯ್ತಾರೇನು? ಮೊದಲರ್ಧ ನಿಂದು, ಎರಡನೇ ಅರ್ಧ ಇವನದು. ಹೆಸರು ಇಬ್ಬರದೂ ಇರುತ್ತೆ. ಮುಗೀತು.”

ಮುಗಿಯಿತಂತೆ!

ಹತ್ತು ವರ್ಷ ಟಿವಿ ಧಾರಾವಾಹಿಗಳಿಗೆ, ಅಡುಗೆ ಸ್ಪರ್ಧೆಗಳಿಗೆ, ಪೊಲೀಸರು ಕಾರು ಓಡಿಸುವುದನ್ನು ಬಿಟ್ಟು ಬೇರೇನೂ ಮಾಡದ ಸಿನಿಮಾಗಳಿಗೆ ಫ್ರೆಂಚ್ ಮಾತು ಬರೆದ ಮೇಲೆ ಸೋಲೆನ್‌ಗೆ ಸಿಕ್ಕ ಮೊದಲ ಒಳ್ಳೆಯ ಸಿನಿಮಾ ಇದು. ಇಂಗ್ಲೆಂಡಿನ ಉತ್ತರದ ಒಂದು ಬಂದರು ಊರು, ಒಬ್ಬ ಗಂಡ, ಒಬ್ಬಳು ಹೆಂಡತಿ ಎನಿಡ್. ಆ ಎನಿಡ್‌ಗೆ ಇಡೀ ಸಿನಿಮಾದಲ್ಲಿ ಬಾಯಿಗೆ ಬರುವುದು ಒಂದೇ ಮಾತು. ‘ಫೈನ್.’

ಆ ಒಂದು ಮಾತು ಸೋಲೆನ್‌ಳ ನಿದ್ದೆ ತಿಂದಿತ್ತು. ಈಗ ಅವಳ ಅರ್ಧ ಸಿನಿಮಾವನ್ನೂ ತಿಂದುಹಾಕಿತ್ತು.

ಹೋಗುವಾಗಲೂ ಬಾಗಿಲು ಬಡಿದೇ ಹೋದಳು.

* * *

ಎರಡು ಅರ್ಧಗಳು ಹೊಂದಬೇಕಾದರೆ ಬರೆಯುವವರಿಬ್ಬರೂ ಮಾತಾಡಿಕೊಳ್ಳಲೇಬೇಕು. ಹಾಗಾಗಿ ಗುರುವಾರ ಅವರಿಬ್ಬರೂ ಸಂತೆ ಕಟ್ಟಡದ ಎದುರಿನ ಕೆಫೆಯಲ್ಲಿ ಎದುರುಬದುರು ಕೂತರು. ಸೋಲೆನ್ ಉಪ್ಪಿಟ್ಟಿನಂಥ ಕುಸ್ಕುಸ್ ತರಿಸಿಕೊಂಡಳು. ಅವನಿಗೇನು ಬೇಕೆಂದು ಕೇಳಲೂ ಇಲ್ಲ.

“ಎಲ್ಲಾ ಕಡೆ ‘ಬ್ಯಾಂ’ ಅಂತ ಬರೆದಿದ್ದೀರಲ್ಲ, ಏನಿದು?” ಅವನ ಹಾಳೆಗಳನ್ನು ಮೇಜಿನ ಮೇಲೆ ಎಸೆದಳು. ಫ್ರೆಂಚಿನ ಆ ‘ಬ್ಯಾಂ’ಗೆ ‘ಸರಿ’ ಅಂತಷ್ಟೇ ಅರ್ಥ. “ಹವಾ ಚೆನ್ನಾಗಿದೆ ಅನ್ನೋಕೂ ಫೈನ್, ಪಿಂಗಾಣಿ ಬಟ್ಟಲು ತೆಳ್ಳಗಿದೆ ಅನ್ನೋಕೂ ಫೈನ್, ಪೊಲೀಸ್ ಹಾಕಿದ ದಂಡಾನೂ ಫೈನ್! ಇಂಗ್ಲಿಷರಿಗೆ ಬೇರೆ ಪದ ಸಿಗಲಿಲ್ಲ, ಪಾಪ. ನಿಮಗೂ ಸಿಗಲಿಲ್ವಾ?”

“ದಂಡಕ್ಕೆ ದಂಡ ಅಂತಾನೇ ಬರೆದಿದ್ದೀನಿ,” ತಿಬೋ ಮೆಲ್ಲಗೆ ಅಂದ. “ಅವಳು ಗಂಡನಿಗೆ ಹೇಳೋದಕ್ಕೆ ಮಾತ್ರ ಎಲ್ಲಾ ಕಡೆ ಒಂದೇ.”

“ಅಲ್ಲೇ ಇರೋದು ತಪ್ಪು! ಒಂದು ಸಲ ‘ಆಯ್ತು’ ಅಂತಾಳೆ. ಒಂದು ಸಲ ‘ನಾನು ಚೆನ್ನಾಗಿದ್ದೀನಿ’. ಒಂದು ಸಲ ‘ಸಾಕು ಬಿಡು’. ನಾನು ನನ್ನ ಅರ್ಧದಲ್ಲಿ ಒಂದೊಂದಕ್ಕೂ ಒಂದೊಂದು ಮಾತು ಹುಡುಕಿ ಕೊಟ್ಟಿದ್ದೀನಿ, ತಲೆ ಕೆಡಿಸ್ಕೊಂಡು!”

“ಗೊತ್ತು, ಓದಿದೆ. ತುಂಬಾ ಚೆನ್ನಾಗಿದೆ.”

“ಹೊಗಳಬೇಡಿ ನನ್ನ!”

ಪಕ್ಕದ ಮೇಜಿನ ಮುದುಕ ಪೇಪರಿನಿಂದ ತಲೆ ಎತ್ತಿ ನೋಡಿದ.

ತಿಬೋ ನೀರಿನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. ಆಮೇಲೆ ಹೇಳಿದ, “ಅವಳು ಆ ಒಂದು ಮಾತಿನ ಹಿಂದೆ ಬಚ್ಚಿಟ್ಕೊಂಡಿದ್ದಾಳೆ. ನೀವು ಪ್ರತಿ ಸಲ ಸರಿಯಾದ ಅರ್ಥ ಹುಡುಕಿ ಕೊಟ್ರೆ, ಅವಳು ಬಚ್ಚಿಟ್ಟಿದ್ದೆಲ್ಲಾ ಹೊರಗೆ ಬಂದುಬಿಡುತ್ತೆ. ನಮ್ಮಮ್ಮ ಇಂಥವಳೇ. ಅಪ್ಪ ಊಟಕ್ಕೆ ಬರಲ್ಲ ಅಂದ್ರೂ ಬ್ಯಾಂ. ವಾರ ಪೂರ್ತಿ ಬರಲ್ಲ ಅಂದ್ರೂ ಬ್ಯಾಂ. ನಾವು ಮಕ್ಕಳು ಅವಳ ಬೆನ್ನು ನೋಡಿ ಅರ್ಥ ಮಾಡ್ಕೋಬೇಕಿತ್ತು.”

ಸೋಲೆನ್ ಅವನ ಹಾಳೆಗಳನ್ನು ಮತ್ತೆ ಎಳೆದುಕೊಂಡು ಒಂದೆರಡು ಪುಟ ತಿರುವಿದಳು. ಓದಿದಷ್ಟೂ ಸಿಟ್ಟು ಹೆಚ್ಚಿತು.

ಥೂ... ಈ ಮನುಷ್ಯ ಹೇಳೋದು ನಿಜ!

“ನನಗೆ ಅವಳನ್ನ ಕಂಡ್ರೆ ಮೈಯೆಲ್ಲಾ ಉರಿಯುತ್ತೆ,” ಎಂದಳು ಕೊನೆಗೆ. “ಒಂದು ಸಲ, ಒಂದೇ ಒಂದು ಸಲ ತಟ್ಟೆ ಎತ್ತಿ ಎಸೀಬಾರದಾ ಅವಳು? ನಾನಾಗಿದ್ರೆ ಮನೇಲಿ ಒಂದು ತಟ್ಟೆ ಉಳೀತಿರಲಿಲ್ಲ.”

“ಅದು ಗೊತ್ತಾಗುತ್ತೆ,” ಅಂದ ತಿಬೋ. ಬಾಗಿಲು ಬಡಿದದ್ದು ನೆನಪಾಯಿತೇನೋ, ತುಟಿಯ ಅಂಚಿನಲ್ಲಿ ನಗು.

ಸೋಲೆನ್ ನಗಬಾರದು ಅಂದುಕೊಂಡಳು. ನಕ್ಕುಬಿಟ್ಟಳು. ಆಮೇಲೆ ತನ್ನ ಕುಸ್ಕುಸ್ ತಟ್ಟೆಯನ್ನು ಅವನ ಕಡೆ ಸ್ವಲ್ಪ ಸರಿಸಿದಳು.

“ತಿನ್ನಿ. ಎಸೆಯಲ್ಲ.”

ಮುಂದಿನ ಗುರುವಾರದ ಹೊತ್ತಿಗೆ ಅವರು ‘ನೀನು’ ಅನ್ನತೊಡಗಿದ್ದರು. ಸೋಲೆನ್ ತನ್ನ ಅರ್ಧದಲ್ಲಿ ಹುಡುಕಿ ಹುಡುಕಿ ಬರೆದಿದ್ದ ಮಾತುಗಳನ್ನೆಲ್ಲ ತಾನೇ ಅಳಿಸಿ ‘ಬ್ಯಾಂ’ ಹಾಕಿದಳು. ಬೇಜಾರಾಗಲಿಲ್ಲವೇ? ಆಯಿತು. ಆದರೆ ಅವನು ಪಕ್ಕದಲ್ಲಿ ಕೂತು ಒಂದೊಂದನ್ನೂ ಅಳಿಸುವ ಮುಂಚೆ ಗಟ್ಟಿಯಾಗಿ ಓದಿ, “ಅಯ್ಯೋ, ಇದು ಎಷ್ಟು ಚೆನ್ನಾಗಿತ್ತು!” ಅನ್ನುತ್ತಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು.

ಕೊನೆಯ ದೃಶ್ಯ ಒಂದು ಉಳಿಯಿತು. ಗಂಡ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಎನಿಡ್ ಮುಖ ಪರದೆ ತುಂಬ. ಹೇಳುತ್ತಾಳೆ: ‘ಫೈನ್.’

ಬೇರೆ ಕಡೆ ಅವಳ ಬಾಯಿ ಇಷ್ಟು ಹತ್ತಿರ ಕಾಣುವುದಿಲ್ಲ; ಇಲ್ಲಿ ಮಾತ್ರ ‘ಬ್ಯಾಂ’ ಕೂರುವುದೇ ಇಲ್ಲ. ‘ಬ’ ಅನ್ನಬೇಕಾದರೆ ತುಟಿ ಮುಚ್ಚಬೇಕು. ‘ಫೈನ್’ ಅನ್ನುವ ಎನಿಡ್‌ಳ ಹಲ್ಲು ಕೆಳತುಟಿ ಕಚ್ಚುತ್ತದೆ, ಬಾಯಿ ಒಮ್ಮೆ ತೆರೆದು ಮುಚ್ಚುತ್ತದೆ. ಇಡೀ ಫ್ರಾನ್ಸ್ ಆ ತುಟಿಯನ್ನೇ ನೋಡುತ್ತಿರುತ್ತದೆ.

“ಅದು ನಿನ್ನ ಪಾಲಿಗೆ ಬಂದಿದೆ. ನೀನೇ ಬರ್ಕೋ,” ಅಂದಳು ಸೋಲೆನ್. ಹಗುರವಾಗಿ ಹೇಳಲು ಹೋದಳು, ಆಗಲಿಲ್ಲ. ಈ ಸಿನಿಮಾ ಒಪ್ಪಿಕೊಂಡದ್ದೇ ಆ ಒಂದು ಮುಖಕ್ಕಾಗಿ...

ತಿಬೋ ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದವನು, “ಸರಿ,” ಅಂದ ಅಷ್ಟೇ.

* * *

ಪರಿಶೀಲನೆಯ ಹಿಂದಿನ ದಿನ ಸ್ಟುಡಿಯೋದ ಕಾಫಿ ಯಂತ್ರದ ಬಳಿ ವ್ಯವಸ್ಥಾಪಕ ಲೆಬ್ರೆ ಸಿಕ್ಕ. ಮಾತಾಡುತ್ತಲೇ ಓಡಾಡುವ, ಓಡಾಡುತ್ತಲೇ ಮಾತಾಡುವ ಮನುಷ್ಯ.

“ಹೇಗಿದೆ ಜೋಡಿ? ಚೆನ್ನಾಗಿ ಹೊಂದ್ಕೊಂಡ್ರಂತೆ! ಅವತ್ತು ತಿಬೋ ನನ್ನ ರೂಮಿಗೆ ಬಂದು ‘ಅರ್ಧ ನನಗೆ ಕೊಡಿ’ ಅಂದಾಗ, ಅಯ್ಯೋ ಸೋಲೆನ್ ರಂಪ ಮಾಡ್ತಾಳಲ್ಲ ಅಂದ್ಕೊಂಡಿದ್ದೆ...”

“ಏನಂದೆ? ಅವನೇ ಕೇಳಿದ್ನಾ?”

“ಮತ್ತೆ? ಅವನೇ. ಇರು, ಬಂದೆ...” ಅಂದವನು ಯಾರೋ ಕರೆದರೆಂದು ಓಡಿದ. ತಿರುಗಿ ಬರಲಿಲ್ಲ.

ಸೋಲೆನ್ ನಿಂತಲ್ಲೇ ನಿಂತಳು.

ಅವನೇ ಕೇಳಿದ್ದಾ? ನನ್ನ ಸಿನಿಮಾವನ್ನ ಹೋಗಿ, ಬೇಡಿ, ತಗೊಂಡನಾ? ಆಮೇಲೆ ನನ್ನ ತಟ್ಟೆಯಲ್ಲೇ ತಿಂದ್ನಾ? ಅಮ್ಮನ ಕಥೆ ಹೇಳಿದ್ನಾ?

ಫೋನ್ ಮಾಡಿದಳು.

“ಅರ್ಧ ಕೊಡಿ ಅಂತ ಕೇಳಿದ್ದು ನೀನೇನಾ? ಹೌದೋ ಅಲ್ವೋ, ಅಷ್ಟೇ ಹೇಳು.”

“ಹೌದು. ಆದರೆ ಸೋಲೆನ್...”

ಕತ್ತರಿಸಿದಳು. ಮತ್ತೆ ರಿಂಗಾಯಿತು, ಎತ್ತಲಿಲ್ಲ. ಒಂದೇ ಸಲ ರಿಂಗಾಗಿ ನಿಂತೂ ಹೋಯಿತು. ಎರಡನೇ ಸಲ ಮಾಡುವಷ್ಟೂ ಗರಜಿಲ್ಲ ನೋಡು ಇವನಿಗೆ, ಎಂದು ಅದಕ್ಕೂ ಸಿಟ್ಟಾದಳು. ಮನೆಗೆ ಹೋಗಿ ಒಂದು ತಟ್ಟೆಯನ್ನು ನಿಜವಾಗಿಯೂ ಒಡೆದಳು. ಮನಸ್ಸು ಎಳ್ಳಷ್ಟೂ ಹಗುರಾಗಲಿಲ್ಲ.

* * *

ನಟರು ಧ್ವನಿ ಕೊಡಲು ಬರುವ ಮೊದಲು, ಬರೆದವರೇ ಬಂದು ಇಡೀ ಸಿನಿಮಾವನ್ನು ಗಟ್ಟಿಯಾಗಿ ಓದಿ ತೋರಿಸಬೇಕು. ಅದೇ ಪರಿಶೀಲನೆ. ಕತ್ತಲೆ ಕೋಣೆ, ದೊಡ್ಡ ಪರದೆ. ಚಿತ್ರದ ಕೆಳಗೆ ಮಾತುಗಳ ಪಟ್ಟಿ ಓಡುತ್ತದೆ. ಅಕ್ಷರ ಬಂದು ಕೆಂಪು ಗೆರೆ ಮುಟ್ಟಿದ ಕ್ಷಣ ಬಾಯಿ ತೆರೆಯಬೇಕು. ಒಬ್ಬರೇ ಬರೆದಿದ್ದರೆ ಗಂಡ, ಹೆಂಡತಿ, ಪಾದ್ರಿ, ಅಂಚೆಯವ ಎಲ್ಲರೂ ಅವರೇ. ಇಬ್ಬರಿದ್ದರೆ ಗಂಡಸರ ಮಾತು ಗಂಡಸಿಗೆ, ಹೆಂಗಸರದು ಹೆಂಗಸಿಗೆ.

ಅಂದರೆ ಇವತ್ತು ಸೋಲೆನ್ ಹೆಂಡತಿ, ತಿಬೋ ಗಂಡ. ಇಂಥ ದಿನವೇ ಬರಬೇಕೇ!

“ಸೋಲೆನ್, ಒಂದು ನಿಮಿಷ ಮಾತಾಡಬೇಕು,” ಬಾಗಿಲಲ್ಲೇ ಕಾದಿದ್ದ ತಿಬೋ ಹೇಳಿದ. “ಕೊನೇ ದೃಶ್ಯದಲ್ಲಿ...”

“ನೀವು ಬರೆದಿದ್ದನ್ನ ಓದ್ತೀನಿ. ಅಷ್ಟಕ್ಕೇ ನಾನು ಬಂದಿರೋದು.”

ನೀವು! ಅವನ ಮುಖ ಸಣ್ಣಗಾಯಿತು. ರೆಜಿನ್, ಅವಳ ಪಕ್ಕ ವಿತರಕರ ಕಡೆಯ ಹೆಂಗಸು, ಬಂದು ಕೂತರು. ದೀಪ ಆರಿತು.

ಓದು ಶುರುವಾಯಿತು. ಅವನು ಗಂಡನ ಸುಳ್ಳುಗಳನ್ನು ಹೇಳಿದ. ಅವಳು “ಬ್ಯಾಂ” ಅಂದಳು. ಅವನು ತಡವಾಗಿ ಬಂದ. ಅವಳು “ಬ್ಯಾಂ” ಅಂದಳು. ಪ್ರತಿ ಸಲ ಆ ಮಾತು ನುಂಗಿದಾಗಲೂ ಸೋಲೆನ್‌ಳ ಎದೆಯೊಳಗೆ ಏನೋ ಒಟ್ಟಾಗುತ್ತಾ ಹೋಯಿತು. ಹೀಗಿರುತ್ತದಾ ನುಂಗುವುದು? ಎನಿಡ್, ಹೇಗೆ ತಡಕೊಂಡೆಯೇ ಇಷ್ಟು ವರ್ಷ?

ವಿತರಕರ ಹೆಂಗಸು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದಳು.

ಕೊನೆಯ ದೃಶ್ಯ. ಪೆಟ್ಟಿಗೆ. ಬಾಗಿಲು.

“ಹೊರಡ್ತೀನಿ ಹಾಗಾದ್ರೆ,” ಓದಿದ ತಿಬೋ.

ಎನಿಡ್ ಮುಖ ಪರದೆ ತುಂಬಿತು. ಸೋಲೆನ್ ಕೆಳಗೆ ಪಟ್ಟಿ ನೋಡಿದಳು.

ಪಟ್ಟಿ ಖಾಲಿಯಿತ್ತು!

ಒಂದಕ್ಷರವೂ ಇಲ್ಲ. ಬಿಳಿ ಪಟ್ಟಿ ಕೆಂಪು ಗೆರೆಯತ್ತ ಓಡಿ ಬರುತ್ತಿದೆ. ವಿತರಕರ ಎದುರಿಗೆ, ಸಿನಿಮಾದ ಕೊನೆಯ ಮಾತನ್ನೇ ಬರೆಯದೆ ಬಿಟ್ಟಿದ್ದಾನೆ! ನಾನು ಬಾಯಿ ಬಿಟ್ಟುಕೊಂಡು ನಿಲ್ಲಲಿ ಅಂತಾನಾ? ಅರ್ಧ ಕಿತ್ತುಕೊಂಡಿದ್ದು ಸಾಲದಾ ಇವನಿಗೆ?

ತಿರುಗಿ ಅವನನ್ನು ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ.

ಬೆಳಗ್ಗಿಂದ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು. ಹಲ್ಲು ತಾನಾಗಿ ಕೆಳತುಟಿ ಕಚ್ಚಿತು.

“ವಾ.”

ಫ್ರೆಂಚಿನ ‘ಹೋಗು’ ಅದು! ಕಿರುಚಲಿಲ್ಲ. ಕೂಗಲೂ ಇಲ್ಲ. ಅವನ ಕಣ್ಣಲ್ಲಿ ಕಣ್ಣಿಟ್ಟು, ತಗ್ಗಿದ ದನಿಯಲ್ಲಿ ಅಷ್ಟೇ ಹೇಳಿದಳು. ಅದರಲ್ಲಿ ಸಿಟ್ಟಿತ್ತು. ಸಾಕು ಎನ್ನುವುದೂ ಇತ್ತು. ಅವಳಿಗೇ ನಾಚಿಕೆಯಾಗುವಷ್ಟು ಪ್ರೀತಿಯೂ ಇತ್ತು.

ಪರದೆಯ ಮೇಲೆ ಎನಿಡ್‌ಳ ತುಟಿ ಅದೇ ಕ್ಷಣಕ್ಕೆ ತೆರೆದು ಮುಚ್ಚಿತ್ತು.

ಆಮೇಲೆ ವಿತರಕರ ಹೆಂಗಸು ಮೂಗು ಒರೆಸಿಕೊಂಡು ಹೇಳಿದಳು, “ಇದೇ. ಇದನ್ನ ಯಾರೂ ಮುಟ್ಟಬೇಡಿ.”

ದೀಪ ಹತ್ತಿಕೊಳ್ಳುವಷ್ಟರಲ್ಲಿ ತಿಬೋ ಕುರ್ಚಿ ಖಾಲಿಯಾಗಿತ್ತು.

* * *

“ಹೋಗು ಅಂದೆ, ಹೋದ. ಆ ಹುಡುಗ ಹೇಳಿದ ಮಾತು ಕೇಳ್ತಾನೆ,” ಅಂದಳು ರೆಜಿನ್, ಬಾಗಿಲ ಹೊರಗೆ ಸಿಗರೇಟು ಹಚ್ಚುತ್ತಾ.

“ಕಳ್ಳ ಅವನು! ಅರ್ಧ ತನಗೇ ಬೇಕು ಅಂತ ಲೆಬ್ರೆ ಹತ್ರ ಕೇಳಿದ್ನಂತೆ!”

“ಪೂರ್ತಿ ಕೊಟ್ಟಿದ್ದೆವು ಕಣೇ ಅವನಿಗೆ.”

ಸೋಲೆನ್ ತಿರುಗಿ ಅವಳ ಮುಖ ನೋಡಿದಳು.

“ನೀನು ತಡ ಮಾಡಿದ್ದಕ್ಕೆ ಲೆಬ್ರೆ ನಿನ್ನ ಪೂರ್ತಿ ತೆಗೆದೇ ಹಾಕಿದ್ದ. ಹೆಸರೂ ಇರ್ತಿರಲಿಲ್ಲ. ತಿಬೋ ನೀನು ಬರೆದಿದ್ದನ್ನ ಓದಿ ವಾಪಸ್ ಬಂದ. ‘ಇಂಥವಳನ್ನ ತೆಗೀತೀರಾ? ಅರ್ಧ ಮಾತ್ರ ಕೊಡಿ, ಇಲ್ಲಾಂದ್ರೆ ಏನೂ ಬೇಡ’ ಅಂದ. ನಿನಗೆ ಹೇಳಬೇಡಿ ಅಂತ ನನ್ನ ಹತ್ರ ಮಾತು ತಗೊಂಡ. ಇವತ್ತು ನಾನು ಮಾತು ಮುರಿದೆ. ನನಗೆ ವಯಸ್ಸಾಯ್ತು, ಯಾರೇನು ಮಾಡ್ತಾರೆ ನನ್ನ?”

ಸೋಲೆನ್ ಓಡಿದಳು.

ಕಾಲುವೆಯ ದಂಡೆಯಲ್ಲಿ ಅವನು ಸಿಕ್ಕ. ತಲೆ ತಗ್ಗಿಸಿಕೊಂಡು ಮೆಟ್ರೋ ಕಡೆ ನಡೆಯುತ್ತಿದ್ದ. ಕಲ್ಲು ತುಂಬಿದ ದೋಣಿಯೊಂದು ನಿಧಾನಕ್ಕೆ ಸಾಗುತ್ತಿತ್ತು.

“ನಿಂತ್ಕೋ!”

ನಿಂತ.

“ನನ್ನ ಮೇಲೆ ದಯೆ ತೋರ್ಸೋಕೆ ನಿನ್ನ ಯಾರು ಕರೆದ್ರು?” ಏದುಸಿರು ಬಿಡುತ್ತಲೇ ಕೂಗಿದಳು. “ನನ್ನ ಸಿನಿಮಾ, ನನ್ನ ಹೆಸರು. ನೀವು ಮೂರು ಜನ ಕೂತು ತೀರ್ಮಾನ ಮಾಡಿದ್ರಿ, ನನಗೊಂದು ಮಾತು ಹೇಳಲಿಲ್ಲ! ಗುರುವಾರ ಗುರುವಾರ ಎದುರಿಗೆ ಕೂತಿದ್ದೆಯಲ್ಲೋ, ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?”

“ಹೇಳಬೇಕಿತ್ತು,” ಅಂದ ತಿಬೋ. “ತಪ್ಪು ನನ್ನದೇ.”

“ಮತ್ತೆ ಆ ಖಾಲಿ ಪಟ್ಟಿ?”

“ಆ ಮಾತು ನಿಂದು. ಎನಿಡ್ ನುಂಗೋದೆಲ್ಲಾ ನನಗೆ ಗೊತ್ತಿತ್ತು. ಕೊನೇದು ನುಂಗೋದಲ್ಲ, ಅದು ನನಗೆ ಬರಲ್ಲ. ಎಷ್ಟು ಸಲ ಬರೆದೆ, ಎಲ್ಲಾ ಸುಳ್ಳು ಅನ್ನಿಸ್ತು. ನಿನ್ನೆ ಹೇಳೋಣ ಅಂದ್ರೆ ಫೋನ್ ಎತ್ತಲಿಲ್ಲ...”

“ಒಂದೇ ಸಲ ಮಾಡಿದ್ದು ನೀನು! ಒಂದೇ ಸಲ! ಇವತ್ತು ಹೋಗು ಅಂದ ತಕ್ಷಣ ಹೊರಟೇಬಿಟ್ಟೆ! ಸಿಟ್ಟು ಅನ್ನೋದೇ ಇಲ್ವಾ ನಿನಗೆ? ಕಳ್ಳ ಅಂದ್ಕೊಂಡೆ ಕಣೋ ನಿನ್ನ, ಸಿಟ್ಟು ಬರಲ್ವಾ? ಇದಕ್ಕೂ ಬ್ಯಾಂ ಅಂತೀಯಾ?”

“ಇಲ್ಲ!”

ದೋಣಿಯ ಮೇಲಿದ್ದವನು ತಿರುಗಿ ನೋಡಿದ. ತಿಬೋ ಮುಖ ಕೆಂಪಾಗಿತ್ತು. ಅವನು ಕೂಗಿದ್ದನ್ನು ಸೋಲೆನ್ ಇದೇ ಮೊದಲ ಸಲ ಕೇಳಿದ್ದು.

“ಬಂದಿದೆ ಸಿಟ್ಟು! ಒಂದು ಮಾತು ಪೂರ್ತಿ ಕೇಳದೆ ಫೋನ್ ಇಟ್ಟೆಯಲ್ಲ, ಅದಕ್ಕೆ ಸಿಟ್ಟು ಬಂದಿದೆ. ಬೆಳಗ್ಗೆ ಬಾಗಿಲಲ್ಲಿ ‘ನೀವು’ ಅಂದೆಯಲ್ಲ, ಅದಕ್ಕೆ ಬಂದಿದೆ. ದಯೆ ಅಂದೆಯಲ್ಲ ಈಗ, ಅದಕ್ಕೆ ಎಲ್ಲಕ್ಕಿಂತ ಜಾಸ್ತಿ ಬಂದಿದೆ! ದಯೆ ತೋರ್ಸೋಕೆ ನನಗೇನು ಹುಚ್ಚಾ? ಹೇಳಿದ್ರೆ ನೀನು ಥ್ಯಾಂಕ್ಸ್ ಹೇಳ್ತಿದ್ದೆ. ನಿನ್ನ ಥ್ಯಾಂಕ್ಸ್ ಯಾರಿಗೆ ಬೇಕಿತ್ತು?”

“ಮತ್ತೇನು ಬೇಕಿತ್ತು ನಿನಗೆ?”

“ನೀನು!”

ಹೇಳಿಬಿಟ್ಟು ಅವನೇ ಗಾಬರಿಯಾದ. ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸತೊಡಗಿದ.

ಸೋಲೆನ್‌ಗೆ ಇನ್ನೂ ಎಷ್ಟೋ ಬೈಗುಳ ಬಾಕಿಯಿತ್ತು. ಅಷ್ಟರಲ್ಲಿ ಕಣ್ಣು ತುಂಬಿಕೊಂಡು, ನೀರು ಕೆನ್ನೆಗಿಳಿಯಿತು.

“ಒರೆಸಿದ್ದು ಸಾಕು, ಗಾಜು ಸವೆದುಹೋಗುತ್ತೆ,” ಎಂದು ಕನ್ನಡಕ ಕಿತ್ತುಕೊಂಡು ಅವನ ಮೂಗಿನ ಮೇಲೆ ತಾನೇ ಕೂರಿಸಿದಳು. ಆ ಕೈಯನ್ನು ಅವನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಅವನ ಎದೆಗೆ ಹಣೆ ಒತ್ತಿ ನಿಂತಳು.

“ನನಗಿನ್ನೂ ಸಿಟ್ಟಿದೆ, ಗೊತ್ತಾ?” ಸ್ವೆಟರಿನೊಳಗಿಂದಲೇ ಹೇಳಿದಳು.

“ಗೊತ್ತು.”

“ಇವತ್ತಿಗೆ ಹೋಗೋ ಸಿಟ್ಟಲ್ಲ. ನಾಳೆನೂ ಇರುತ್ತೆ.”

ತಿಬೋ ಅವಳ ಕೆದರಿದ ಕೂದಲ ಮೇಲೆ ಮೆಲ್ಲಗೆ ಕೆನ್ನೆಯಿಟ್ಟ.

“ನಾಳೆ ಎಷ್ಟು ಹೊತ್ತಿಗೆ ಬರಲಿ?”